ಲಾಠಿಗೂ ಕಲ್ಲಿಗೂ ನಡುವೆ ನಿಲ್ಲುವವರು ಯಾರು?

ಮಂಡ್ಯದ ಜನಕ್ಕೆ ರಸ್ತೆತಡೆ ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಕಾವೇರಿ. ಕಬ್ಬಿನ ಬಾಕಿ ಬರದ ವರ್ಷ ಕಾರ್ಖಾನೆ. ಎರಡೂ ಸರಿ ಇದ್ದ ವರ್ಷ ಇನ್ನೇನೋ ಒಂದು. ಸಂಜಯ ವೃತ್ತಕ್ಕೆ ಮಾತ್ರ ಬಿಡುವಿಲ್ಲ. ಬಂದ್ ಅಂದ ಕೂಡಲೇ ಪೇಟೆಬೀದಿಯಲ್ಲಿ ಷಟರ್ ಅರ್ಧ ಇಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕೂಸು ಎತ್ತಿಕೊಂಡ ಹೆಂಗಸು ಮದ್ದೂರು ಬಸ್ಸು ಕೇಳಿದರೆ 'ಗೊತ್ತಿಲ್ಲ ಕಣಮ್ಮ, ಕಾದು ನೋಡಿ' ಎಂಬ ಉತ್ತರ ಬರುತ್ತದೆ. ಬೇಕರಿಯವನ ಬನ್ನು ಅಲ್ಲೇ ಒಣಗುತ್ತದೆ, ಹೂವಿನವಳ ಮಾರು ಅಲ್ಲೇ ಬಾಡುತ್ತದೆ.

ಇದು ಎಲ್ಲರೂ ಬಲ್ಲ ಕತೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಬೇರೆ ಒಂದಿದೆ. ಅದು ಪೊಲೀಸರ ಸಾಲಿಗೂ ಧರಣಿ ಕೂತವರ ಸಾಲಿಗೂ ನಡುವೆ ಉಳಿಯುವ ಹತ್ತು ಮಾರು ಡಾಂಬರು. ಆ ಹತ್ತು ಮಾರಿನಲ್ಲಿ ಮಾತು ಓಡಾಡಿದರೆ ಸಂಜೆ ಹೊತ್ತಿಗೆ ಎಲ್ಲರೂ ಮನೆಗೆ ಹೋಗುತ್ತಾರೆ. ಕಲ್ಲು ಓಡಾಡಿದರೆ ಒಬ್ಬರು ಆಸ್ಪತ್ರೆಗೆ, ಒಬ್ಬರು ಜೈಲಿಗೆ, ಒಬ್ಬೊಬ್ಬರು ಮಸಣಕ್ಕೆ. ಹಾಗಿದ್ದ ಮೇಲೆ ಆ ಜಾಗವನ್ನು ಖಾಲಿ ಬಿಟ್ಟಿರುವುದು ಯಾಕೆ?

ದೇವರ ಮೇಲೆ ಭಾರ

ಪೂರಾ ಖಾಲಿ ಅನ್ನೋ ಹಾಗೂ ಇಲ್ಲ. ಎಷ್ಟೋ ಸಲ ಯಾರೋ ಒಬ್ಬರು ನಡುವೆ ಬಂದು ನಿಲ್ಲುತ್ತಾರೆ. ರಿಟೈರಾದ ಮೇಷ್ಟ್ರು, ಕರಿಕೋಟಿನ ವಕೀಲರು, ಎರಡೂ ಕಡೆಯವರಿಗೆ ಸಾಲ ಕೊಟ್ಟ ಮೆಡಿಕಲ್ ಸ್ಟೋರಿನವರು, ಊರಿನವನೇ ಆದ ಹೆಡ್ ಕಾನ್‌ಸ್ಟೇಬಲ್. ಇವರು ಆಡುವ ಮಾತು ದೊಡ್ಡದೇನೂ ಅಲ್ಲ. 'ಸಾರ್, ಹತ್ತು ನಿಮಿಷ ಕೊಡಿ, ಮನವಿ ತಗೊಂಡ ತಕ್ಷಣ ಎದ್ದೇಳ್ತಾರೆ' ಎಂದು ಇತ್ತ. 'ಲೇ ಹುಡುಗರಾ, ಟೈರಿಗೆ ಬೆಂಕಿ ಹಾಕ್ಬೇಡ್ರಪ್ಪ, ಪಕ್ಕದಲ್ಲೇ ಪೆಟ್ರೋಲ್ ಬಂಕಿದೆ' ಎಂದು ಅತ್ತ. ಮಿಮ್ಸ್ ಆಸ್ಪತ್ರೆಗೆ ಹೋಗುವ ಆಂಬುಲೆನ್ಸಿಗೆ ದಾರಿ ಬಿಡಿಸುವುದು, ಪರೀಕ್ಷೆಗೆ ಹೊರಟ ಮಕ್ಕಳನ್ನು ದಾಟಿಸುವುದು. ಇಷ್ಟರಲ್ಲೇ ಅರ್ಧ ಗಲಾಟೆ ಕಡಿಮೆ.

ಆದರೆ ಇದೆಲ್ಲ ಅವತ್ತಿನ ಅದೃಷ್ಟ. ಮೇಷ್ಟ್ರು ಊರಲ್ಲಿದ್ದರೆ ಉಂಟು, ಮಗಳ ಮನೆಗೆ ಹೋಗಿದ್ದರೆ ಇಲ್ಲ. ಒಂದು ಜಿಲ್ಲಾ ಕೇಂದ್ರದ ಶಾಂತಿಯನ್ನು ಮೇಷ್ಟ್ರ ಪ್ರಯಾಣದ ಮೇಲೆ ಬಿಡುವುದು ಯಾವ ನ್ಯಾಯ?

ಹಿಂದೆ ಹೀಗಿರಲಿಲ್ಲ ಎಂದು ಹಳಬರು ಹೇಳುವುದರಲ್ಲಿ ಸ್ವಲ್ಪ ನಿಜವಿದೆ. ಕಾವೇರಿ ಹಿತರಕ್ಷಣಾ ಸಮಿತಿಗೆ ಜಿ. ಮಾದೇಗೌಡರಂಥ ಒಬ್ಬ ಹಿರಿಯರಿದ್ದಾಗ, ಯಾರ ಹತ್ತಿರ ಮಾತಾಡಬೇಕು ಎಂಬುದಾದರೂ ಪೊಲೀಸರಿಗೆ ಗೊತ್ತಿತ್ತು. ಗೌಡರು 2021ರಲ್ಲಿ ತೀರಿಕೊಂಡರು. ಈಗ ಒಂದು ಬಂದ್‌ಗೆ ಹತ್ತು ಸಂಘಟನೆ, ಹತ್ತಕ್ಕೂ ಹತ್ತು ಅಧ್ಯಕ್ಷರು, ಪ್ರತಿ ಅಧ್ಯಕ್ಷರ ಮುಂದೆ ಒಂದು ಮೊಬೈಲ್ ಕ್ಯಾಮೆರಾ. ಕ್ಯಾಮೆರಾ ಮುಂದೆ ಯಾರು ತಾನೇ ಮೊದಲು ಏಳುತ್ತಾರೆ?

ಪೊಲೀಸರ ಕಡೆಯ ಪಾಡೂ ಕೇಳಬೇಕಾದ್ದೇ. ಬಂದ್ ದಿನ ಬಂದಿಳಿಯುವ ಕೆಎಸ್‌ಆರ್‌ಪಿ ತುಕಡಿ ಈ ಊರಿನದಲ್ಲ. ಯಾರು ರೈತ, ಯಾರು ಪುಢಾರಿ, ಯಾರು ಸುಮ್ಮನೆ ನೋಡಲು ನಿಂತ ಹಾಲಿನವನು ಎಂಬುದು ಆ ಹುಡುಗರಿಗೆ ಗೊತ್ತಿಲ್ಲ. ಬೆಳಗಿನ ಜಾವದಿಂದ ಬಿಸಿಲಲ್ಲಿ ನಿಂತಿರುತ್ತಾರೆ. ಆರ್ಡರ್ ಬಂದರೆ ಬೀಸುವುದು. ಬಿದ್ದ ಲಾಠಿ ಎಷ್ಟೋ ಸಲ ಹಾಲಿನವನ ಬೆನ್ನಿಗೇ.

ನಡುವೆ ಯಾರೂ ಇಲ್ಲದಿದ್ದಾಗ

ಮಾತು ನಿಂತರೆ ಏನಾಗುತ್ತದೆ ಎಂಬುದನ್ನು ಕನ್ನಡ ನಾಡು ಹೊಸದಾಗಿ ಕಲಿಯಬೇಕಿಲ್ಲ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಬೀದಿಗಿಳಿದರು. ಗೋಲಿಬಾರಿಗೆ ರೈತರು ಬಲಿಯಾದರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಸತ್ತ ರೈತನ ಮನೆಯಲ್ಲೂ ಗೋಳು, ಸತ್ತ ಪೊಲೀಸನ ಮನೆಯಲ್ಲೂ ಗೋಳು. ಕರ ಕಟ್ಟುವುದೋ ಬಿಡುವುದೋ ಎಂಬುದು ಕೂತು ಮಾತಾಡಬಹುದಾದ ವಿಷಯ. ಅಂದು ಹಚ್ಚಿಕೊಂಡ ಬೆಂಕಿ ರಾಜ್ಯವೆಲ್ಲ ಹಬ್ಬಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರವೇ ಹೋಯಿತು.

2008ರ ಜೂನ್ 10ರಂದು ಹಾವೇರಿಯಲ್ಲಿ ಅದೇ ಕತೆ. ಬಿತ್ತನೆ ಹೊತ್ತಿಗೆ ಗೊಬ್ಬರ ಇಲ್ಲ ಎಂದು ಬಂದ ರೈತರ ಮೇಲೆ ಗುಂಡು ಹಾರಿತು. ಗೊಬ್ಬರದ ಚೀಲ ಕೇಳಲು ಹೋದವರು ಹೆಣವಾಗಿ ಊರಿಗೆ ಬಂದರು.

ಇನ್ನು 2016ರ ಏಪ್ರಿಲ್ 18 ಮತ್ತು 19. ಪ್ರಾವಿಡೆಂಟ್ ಫಂಡ್ ದುಡ್ಡು ಪೂರಾ ತೆಗೆಯಲು 58 ವರ್ಷ ಆಗಬೇಕು ಎಂಬ ಕೇಂದ್ರದ ಹೊಸ ನಿಯಮ ಕೇಳಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಬಂದು ನಿಂತರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಯಾವ ನಾಯಕನೂ ಮುಂದೆ ಇರಲಿಲ್ಲ. ಪೊಲೀಸರು ಮಾತಾಡೋಣವೆಂದರೂ ಯಾರ ಹತ್ತಿರ ಆಡಬೇಕು? ಎರಡನೇ ದಿನಕ್ಕೆ ಬಸ್ಸುಗಳು ಉರಿದವು, ಹೆಬ್ಬಗೋಡಿ ಠಾಣೆಗೆ ಕಲ್ಲು ಬಿತ್ತು, ಹೆಂಗಸರ ಮೇಲೆ ಲಾಠಿ ಬಿತ್ತು. ಅದೇ 19ರಂದು ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆ ಹೆಣ್ಣುಮಕ್ಕಳ ಬೇಡಿಕೆ ನ್ಯಾಯವಾಗಿತ್ತು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ! ಮತ್ತೆ ಮುರಿದ ಕೈಕಾಲು ಯಾರ ಲೆಕ್ಕಕ್ಕೆ?

ಕಾವೇರಿಯದಂತೂ ಕೇಳುವುದೇ ಬೇಡ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದು ಡಿಪೋದಲ್ಲಿ ಸಾಲಾಗಿ ನಿಂತಿದ್ದ 42 ಖಾಸಗಿ ಬಸ್ಸುಗಳು ಸುಟ್ಟು ಬೂದಿಯಾದವು. ಅವತ್ತಿನ ಗಲಾಟೆಯಲ್ಲಿ ಗುಂಡಿಗೆ ಜೀವವೂ ಹೋಯಿತು. ಆ ಬೆಂಕಿಯಿಂದ ಕೆಆರ್‌ಎಸ್‌ಗೆ ಒಂದು ಬಿಂದಿಗೆ ನೀರು ಹೆಚ್ಚಿಗೆ ಬಂತೇ?

ನಿಂತವರು ಉಂಟು

ನಡುವೆ ನಿಂತು ಗೆದ್ದವರ ಕತೆಯೂ ಇದೆ. 2019ರ ಡಿಸೆಂಬರ್ 19ರಂದು ಬೆಂಗಳೂರಿನ ಟೌನ್‌ಹಾಲ್ ಮುಂದೆ ಪೌರತ್ವ ಕಾಯ್ದೆ ವಿರೋಧಿಸಿ ಸೇರಿದ್ದವರು ಜಾಗ ಬಿಡಲು ಒಪ್ಪಲಿಲ್ಲ. ಆಗ ಡಿಸಿಪಿಯಾಗಿದ್ದ ಚೇತನ್ ಸಿಂಗ್ ರಾಥೋರ್ ಮೈಕ್ ಹಿಡಿದು ಮಾತಾಡಿ, ಕೊನೆಗೆ ಜನಗಣಮನ ಶುರು ಮಾಡಿದರು. ಕೂತಿದ್ದವರೂ ಎದ್ದು ದನಿಗೂಡಿಸಿದರು, ಹಾಡು ಮುಗಿದ ಮೇಲೆ ಹೊರಟರು. ಅದೇ ದಿನ ಮಂಗಳೂರಿನಲ್ಲಿ ಗೋಲಿಬಾರ್ ಆಗಿ ಇಬ್ಬರು ಸತ್ತರು. ರಾಜ್ಯ ಒಂದೇ, ದಿನ ಒಂದೇ, ಪ್ರತಿಭಟನೆಯ ಕಾರಣವೂ ಒಂದೇ. ಒಬ್ಬ ಅಧಿಕಾರಿಯ ಸಮಯಸ್ಫೂರ್ತಿಯನ್ನು ಮೆಚ್ಚೋಣ, ಸರಿ. ಆದರೆ ಸಮಯಸ್ಫೂರ್ತಿಯನ್ನು ಡ್ಯೂಟಿ ಚಾರ್ಟಿನಲ್ಲಿ ಬರೆಯೋಕೆ ಆಗೋದಿಲ್ಲ.

ಮರುವರ್ಷ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ ಹೊತ್ತಿ ಉರಿಯುವಾಗ ಅಲ್ಲಿನ ಮುಸ್ಲಿಂ ಹುಡುಗರು ಕೈಕೈ ಹಿಡಿದು ದೇವಸ್ಥಾನದ ಸುತ್ತ ನಿಂತರು. ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ, ಭತ್ಯೆಯೂ ಇರಲಿಲ್ಲ.

ಪ್ಲಾನ್ ಹಾಕಿ ಮಾಡಿದ ಕೆಲಸ ಬೇಕೆಂದರೆ ಮುಂಬೈ ಹತ್ತಿರದ ಭಿವಂಡಿ ನೋಡಬೇಕು. 1984ರಲ್ಲಿ ಆ ಊರು ಕೋಮುಗಲಭೆಯಲ್ಲಿ ನಾಶವಾಗಿತ್ತು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಗಲ್ಲಿಗೊಂದು ಮೊಹಲ್ಲಾ ಸಮಿತಿ ಕಟ್ಟಿದರು. ಆ ಗಲ್ಲಿಯ ಸಾಮಾನ್ಯ ಜನ, ಅವರ ಜೊತೆ ಠಾಣೆಯ ಪೊಲೀಸರು. ಗಲಾಟೆ ಇಲ್ಲದ ದಿನವೂ ಸೇರುತ್ತಿದ್ದರು. ನಲ್ಲಿ ಜಗಳ, ಚರಂಡಿ ಜಗಳವನ್ನೂ ಅಲ್ಲೇ ಬಗೆಹರಿಸುತ್ತಿದ್ದರು. 1992ರ ಡಿಸೆಂಬರಿನಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಗುಟ್ಟು ಇಷ್ಟೇ: ಗಲಾಟೆ ದಿನ ಪರಿಚಯ ಮಾಡಿಕೊಳ್ಳುವುದಲ್ಲ, ಪರಿಚಯ ಮೊದಲೇ ಇರಬೇಕು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಶಾಹೀನ್‌ಬಾಗ್ ಪಾಠ. 2019ರ ಡಿಸೆಂಬರ್ 15ರಂದು ಹೆಂಗಸರು ರಸ್ತೆಯಲ್ಲಿ ಕೂತರು. ಮಾತಾಡಲು ಸುಪ್ರೀಂ ಕೋರ್ಟ್ ಹಿರಿಯ ವಕೀಲರಾದ ಸಂಜಯ್ ಹೆಗ್ಡೆ, ಸಾಧನಾ ರಾಮಚಂದ್ರನ್ ಅವರನ್ನು ನೇಮಿಸಿದ್ದು 2020ರ ಫೆಬ್ರವರಿ 17ರಂದು. ಎರಡು ತಿಂಗಳಾಗಿತ್ತು, ಎರಡೂ ಕಡೆ ಹಟ ಕಲ್ಲಾಗಿತ್ತು. ವಕೀಲರು ಹೋಗಿ ಕೂತು ಕೇಳಿದರು, ಕೋರ್ಟಿಗೆ ವರದಿ ಕೊಟ್ಟರು. ರಸ್ತೆ ತೆರೆದದ್ದು ಮಾತ್ರ ಮಾರ್ಚ್ 24ಕ್ಕೆ, ಕೊರೋನಾ ಬಂದ ಮೇಲೆ. ಮಾತು ಸೋತಿತು ಎಂದು ಹೇಳುವವರಿದ್ದಾರೆ. ಮಾತಿಗೆ ಹೋದದ್ದು ಎರಡು ತಿಂಗಳು ತಡ ಎಂಬುದೇ ಸರಿ.

ಹಾಂಗ್‌ಕಾಂಗಿನಲ್ಲಿ 2019ರಲ್ಲಿ ಹಳದಿ ಜಾಕೆಟ್ ತೊಟ್ಟ ಮುದುಕರು, ಚರ್ಚಿನವರು ಪೊಲೀಸರಿಗೂ ಹುಡುಗರಿಗೂ ನಡುವೆ ನಿಂತು 'ಮಕ್ಕಳು ಹೋಗಲಿ, ಸ್ವಲ್ಪ ಹೊತ್ತು ಕೊಡಿ' ಎಂದು ಬೇಡಿಕೊಂಡರು. ಕಣ್ಣಿಗೆ ಪೆಪ್ಪರ್ ಸ್ಪ್ರೇ ತಿಂದದ್ದೂ ಉಂಟು. ಹಾಗಾಗಿ ನಡುವೆ ನಿಲ್ಲುವುದು ಹೂವಿನ ಹಾರದ ಕೆಲಸವಲ್ಲ ಎಂಬುದನ್ನೂ ತಿಳಿದಿರಬೇಕು.

ಇದು ಈ ಮಣ್ಣಿನದೇ

ಇದನ್ನು ಎಲ್ಲಿಂದಲೋ ಆಮದು ಮಾಡಿಕೊಳ್ಳಬೇಕಾಗಿಲ್ಲ. ಚಳವಳಿಗೆ ಶಿಸ್ತು ಬೇಕು, ಶಿಸ್ತಿಗೆ ತರಬೇತಾದ ಜನ ಬೇಕು ಎಂದು ಹಿಂದೂಸ್ತಾನಿ ಸೇವಾದಳ ಕಟ್ಟಿದ ನಾ.ಸು. ಹರ್ಡೀಕರರು ಹುಬ್ಬಳ್ಳಿಯವರು. 1924ರ ಬೆಳಗಾವಿ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿ ಬಂದಾಗ ಅಷ್ಟು ದೊಡ್ಡ ಜನಸಾಗರವನ್ನು ಹತೋಟಿಯಲ್ಲಿಟ್ಟದ್ದು ಸ್ವಯಂಸೇವಕರು.

ಅದಕ್ಕಿಂತ ಹತ್ತಿರದ್ದು ಮದ್ದೂರಿನ ಶಿವಪುರ. 1938ರ ಏಪ್ರಿಲಿನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಿದರು. ನಾಯಕರು ಅರೆಸ್ಟಾದರು, ಸಾವಿರಾರು ಜನ ಸೇರಿದ್ದರೂ ರಕ್ತ ಹರಿಯಲಿಲ್ಲ. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಆಮೇಲೆ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಕೂತು ಮಾತಾಡಿ ಒಪ್ಪಂದಕ್ಕೆ ಬಂದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದು ಎಂದಾಯಿತು. ಆ ಮಾತು ಗುಂಡಿಗೆ ಮೊದಲೇ ಆಗಿದ್ದರೆ? ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವವರು ಒಮ್ಮೆ ಯೋಚಿಸಬೇಕು.

ಹಬ್ಬಕ್ಕೆ ಉಂಟು, ಬಂದ್‌ಗೆ ಇಲ್ಲ

ಗಣಪತಿ ಹಬ್ಬ ಬಂತೆಂದರೆ ಪ್ರತಿ ಠಾಣೆಯಲ್ಲೂ ಶಾಂತಿ ಸಭೆ. ಬಕ್ರೀದ್ ಬಂದರೆ ಇನ್ನೊಂದು. ಟೀ, ಬಿಸ್ಕತ್ತು, ಸಾಹೇಬರ ಭಾಷಣ, ಗ್ರೂಪ್ ಫೋಟೋ. ವ್ಯವಸ್ಥೆ ಒಳ್ಳೆಯದೇ. ಆದರೆ ಕುರ್ಚಿಯಲ್ಲಿ ಕೂರುವವರು ಯಾರು ಎಂದರೆ ಮಾಜಿ ಕೌನ್ಸಿಲರು, ಕಂಟ್ರಾಕ್ಟರು, ಸಾಹೇಬರಿಗೆ ನಮಸ್ಕಾರ ಹೊಡೆಯಲು ಬಂದವರು. ಕಲ್ಲು ಬೀಳುವ ರಾತ್ರಿ ಇವರಲ್ಲಿ ಎಷ್ಟು ಜನ ಬೀದಿಯಲ್ಲಿರುತ್ತಾರೆ? 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆ ವೇಳೆ ಗಲಭೆಯಾಗಿ ಅಂಗಡಿಗಳು ಉರಿದವು. ಅಂಗಡಿಯವರಲ್ಲಿ ಎರಡೂ ಧರ್ಮದವರಿದ್ದರು. ಬೆಂಕಿಗೆ ಜಾತಿ ಗೊತ್ತಿಲ್ಲ. ಠಾಣೆಯೊಳಗಿನ ಶಾಂತಿ ಬೀದಿಗೆ ಇಳಿಯದಿದ್ದರೆ ಅದು ಕಡತದ ಶಾಂತಿ ಅಷ್ಟೆ.

ಅಂಥ ಕಡತದ ಶಾಂತಿ ಸಭೆಯೂ ರಸ್ತೆತಡೆಗೆ ಇಲ್ಲ! ಅಲ್ಲಿ ಇರುವುದು ಹಿಂದಿನ ರಾತ್ರಿ ಒಂದು ನೋಟಿಸು, ಇಲ್ಲವೇ ಜನ ಇನ್ನೂ '144' ಎಂದೇ ಕರೆಯುವ ನಿಷೇಧಾಜ್ಞೆ. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದರ ನಂಬರು 163. ನಂಬರು ಬದಲಾದರೂ ಅಭ್ಯಾಸ ಬದಲಾಗಿಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹಾಕಿದ್ದ 144 ಕಾನೂನುಬಾಹಿರ ಎಂದು ರಾಜ್ಯ ಹೈಕೋರ್ಟು 2020ರ ಫೆಬ್ರವರಿ 13ರಂದು ಹೇಳಿತು. ಎಲ್ಲದಕ್ಕೂ ನಿಷೇಧಾಜ್ಞೆಯೇ ಮದ್ದು ಎಂಬ ಅಧಿಕಾರಿಗಳು ಆ ತೀರ್ಪು ಓದಲಿ.

ಚಳವಳಿಯವರೂ ಒಂದು ತೀರ್ಪು ಓದಬೇಕು. 2009ರಲ್ಲಿ ಆಸ್ತಿಪಾಸ್ತಿ ಹಾನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸೂತ್ರಗಳ ಪ್ರಕಾರ, ಮೆರವಣಿಗೆ ಮಾಡುವವರು ಪೊಲೀಸರ ಜೊತೆ ಮೊದಲೇ ಕೂತು ದಾರಿ ಗೊತ್ತುಮಾಡಿಕೊಳ್ಳಬೇಕು. ಮುಖ್ಯ ಸರ್ಕಲ್ಲುಗಳಲ್ಲಿ ತಮ್ಮದೇ ಮಾರ್ಷಲ್‌ಗಳನ್ನು ನಿಲ್ಲಿಸುವುದಾಗಿ ಬರೆದುಕೊಡಬೇಕು. ಹಾನಿಯಾದರೆ ಕರೆ ಕೊಟ್ಟವರೂ ಹೊಣೆ. ಕಾಗದದಲ್ಲಿ ಇಷ್ಟೆಲ್ಲ ಇದೆ. ಈಗ ಬೇಕಾದ್ದು ಅದಕ್ಕೆ ಕೈಕಾಲು.

ಯಾರು, ಹೇಗೆ?

ತಾಲ್ಲೂಕಿಗೆ ಇಪ್ಪತ್ತು ಜನ ಸಾಕು. ಮೇಷ್ಟ್ರು, ವಕೀಲರು, ಔಷಧಿ ಅಂಗಡಿಯವರು, ಹೋಟೆಲಿನವರು, ಆಟೋದವರು, ಡಿಪೋದಿಂದ ರಿಟೈರಾದವರು. ಸ್ತ್ರೀಶಕ್ತಿ ಸಂಘದ ಹೆಂಗಸರು ಮುಖ್ಯವಾಗಿ ಬೇಕು. ಪಕ್ಷದ ಪದಾಧಿಕಾರಿಗಳು, ಕಂಟ್ರಾಕ್ಟರು, ಮುಂದಿನ ಎಲೆಕ್ಷನ್ನಿಗೆ ನಿಲ್ಲುವವರು ಬೇಡವೇ ಬೇಡ. ಗುರುತಿಗೆ ಹೆಗಲ ಮೇಲೆ ಬಿಳಿ ಟವೆಲ್ ಇದ್ದರೆ ಆಯಿತು. ಹಸಿರು ರೈತರದು, ಹಳದಿ ಕೆಂಪು ಕನ್ನಡ ಸಂಘದವರದು, ಕೇಸರಿ ಒಬ್ಬರದು, ನೀಲಿ ಇನ್ನೊಬ್ಬರದು, ಖಾಕಿ ಸರ್ಕಾರದ್ದು. ಯಾರದ್ದೂ ಅಲ್ಲದೆ ಉಳಿದದ್ದು ಬಿಳಿ ಒಂದೇ.

ಕೆಲಸ ಹಿಂದಿನ ದಿನವೇ ಶುರು. ಎಷ್ಟು ಹೊತ್ತಿಗೆ ಕೂರುತ್ತೀರಿ, ಎಷ್ಟು ಹೊತ್ತಿಗೆ ಏಳುತ್ತೀರಿ? ಮನವಿ ತೆಗೆದುಕೊಳ್ಳಲು ಯಾರು ಬರಬೇಕು, ತಹಸೀಲ್ದಾರರೇ ಸಾಕೋ ಎಸಿಯೇ ಬೇಕೋ? ಆಂಬುಲೆನ್ಸ್ ಯಾವ ಕಡೆ, ಹಾಲಿನ ಗಾಡಿ ಯಾವ ಕಡೆ? ಇಷ್ಟು ಕೇಳಿ ಎರಡೂ ಕಡೆಗೆ ಮುಟ್ಟಿಸುವುದು. ಬಂದ್ ದಿನ ಪೊಲೀಸರ ಪರವಾಗಿ ಒಬ್ಬರ ನಂಬರು, ಚಳವಳಿಯ ಪರವಾಗಿ ಒಬ್ಬರ ನಂಬರು ಇವರ ಜೇಬಿನಲ್ಲಿರಬೇಕು. ಗುಂಪು ಚದುರಿಸುವ ಎಚ್ಚರಿಕೆ ಕೊಡುವ ಮೊದಲು ಇವರಿಗೆ ಕಾಲು ಗಂಟೆ ಕೊಡಬೇಕು. ಅಷ್ಟರಲ್ಲಿ ಆಗದಿದ್ದರೆ ಇವರು ಪಕ್ಕಕ್ಕೆ ಸರಿಯಬೇಕು, ಅಡ್ಡ ನಿಲ್ಲಬಾರದು.

ಮಾಡಬಾರದ್ದೂ ಇದೆ. ಬೇಡಿಕೆ ಸರಿಯೋ ತಪ್ಪೋ ಎಂದು ತೀರ್ಪು ಕೊಡಬಾರದು. ಯಾರ ಹೆಸರನ್ನೂ ಪೊಲೀಸರಿಗೆ ಬರೆದುಕೊಡಬಾರದು, ವಿಡಿಯೋ ಹಿಡಿಯಬಾರದು. ಒಂದು ಸಲ 'ಇವರು ಸ್ಟೇಷನ್ ಕಡೆಯೋರು' ಎಂಬ ಮಾತು ಹುಟ್ಟಿದರೆ ಬಿಳಿ ಟವೆಲ್ಲಿಗೆ ಆಮೇಲೆ ಬೆಲೆ ಇಲ್ಲ.

ಇದಕ್ಕೆ ಎದುರು ಮಾತು ಬರುತ್ತದೆ, ಬರಲಿ. ಚಳವಳಿಯ ಹುಡುಗರು ಹೇಳುವುದು: 'ಮಧ್ಯಸ್ಥರು ಬಂದರೆ ಹೋರಾಟದ ಕಾವು ಆರಿಹೋಗುತ್ತೆ. ಮನವಿ ತಗೋತಾರೆ, ಕಸದ ಬುಟ್ಟಿಗೆ ಹಾಕ್ತಾರೆ.' ಈ ಅನುಮಾನ ಸುಳ್ಳಲ್ಲ. ಎಷ್ಟೋ ಮನವಿಗಳಿಗೆ ಆದ ಗತಿ ಅದೇ. ಅದಕ್ಕೇ ಕೊಟ್ಟ ಮಾತಿನ ದಿನಾಂಕ ಬರೆದಿಟ್ಟುಕೊಂಡು, ಆ ದಿನ ಡಿಸಿ ಆಫೀಸಿಗೆ ಹೋಗಿ 'ಏನಾಯ್ತು ಸ್ವಾಮಿ?' ಎಂದು ಕೇಳುವುದೂ ಈ ಇಪ್ಪತ್ತು ಜನರ ಕೆಲಸವಾಗಬೇಕು. ಮಾತು ತಪ್ಪಿದ ಅಧಿಕಾರಿಯ ಎದುರು ನಿಲ್ಲದಿದ್ದರೆ, ಕಲ್ಲೆತ್ತಿದ ಹುಡುಗನ ಎದುರು ನಿಲ್ಲುವ ಯೋಗ್ಯತೆಯೂ ಇಲ್ಲ.

ಪೊಲೀಸರು ಹೇಳುವುದು: 'ಕಾನೂನು ನಾವು ನೋಡ್ಕೋತೀವಿ, ನೀವ್ಯಾಕೆ?' ನೋಡಿಕೊಳ್ಳಲಿ. ಆದರೆ ಲಾಠಿ ಬೀಸಿದ ಮರುದಿನ ಅದೇ ಹಳ್ಳಿಗೆ ಬೀಟ್‌ಗೆ ಹೋಗಬೇಕಾದವನು ಕಾನ್‌ಸ್ಟೇಬಲ್ಲು. ತಪ್ಪಿಸಿದ ಒಂದು ಲಾಠಿ ಏಟು ಅವನಿಗೂ ಉಪಕಾರವೇ.

ಅಂಗಡಿಯವರು ಹೇಳುವುದು: 'ನಮಗ್ಯಾಕ್ರೀ ಊರ ಉಸಾಬರಿ? ಬಾಗಿಲು ಹಾಕ್ಕೊಂಡು ಮನೇಲಿದ್ರಾಯ್ತು.' ಬಾಗಿಲು ಹಾಕಿದರೆ ಕಲ್ಲು ತಪ್ಪಬಹುದು, ನಷ್ಟ ತಪ್ಪುತ್ತದೆಯೇ? ಇನ್ನೊಂದು ಲೆಕ್ಕ ನೋಡಿ. ಬೆಂಗಳೂರು ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ ಮಂಡ್ಯದ ಹೊರಗೇ ಹೋಗಿದೆ. ಈಗ ಸಂಜಯ ವೃತ್ತ ತಡೆದರೆ ಬೆಂಗಳೂರಿನ ದೊಡ್ಡವರ ಕಾರು ನಿಲ್ಲುವುದಿಲ್ಲ. ಬೈಪಾಸಿನಲ್ಲಿ ಭರ್ರೆಂದು ಹೋಗುತ್ತದೆ. ನಿಲ್ಲುವುದು ಊರಿನ ಕೆಂಪು ಬಸ್ಸು, ಮಂಡಿಗೆ ಬರುವ ಬೆಲ್ಲದ ಗಾಡಿ, ಕಾಲೇಜಿನ ಹುಡುಗಿ, ಕೂಲಿಗೆ ಬಂದ ಹೆಂಗಸು. ನೋವು ಪೂರಾ ಊರಿನದೇ ಆದ ಮೇಲೆ ಉಸಾಬರಿಯೂ ಊರಿನದೇ.

2023ರ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು, 29ರಂದು ಇಡೀ ಕರ್ನಾಟಕ ಬಂದ್ ಆಯಿತು. ಮಳೆ ಕೈಕೊಡುವ ವರ್ಷ ಮತ್ತೆ ಬಂದೇ ಬರುತ್ತದೆ, ತಮಿಳುನಾಡಿಗೆ ನೀರು ಬಿಡುವ ಆದೇಶವೂ ಬರುತ್ತದೆ. ಭತ್ತ ಒಣಗುವ ರೈತ ರಸ್ತೆಗೆ ಬರಬೇಡ ಎನ್ನಲು ಯಾರಿಗೂ ಹಕ್ಕಿಲ್ಲ, ಅದು ಅವನ ಹೊಟ್ಟೆಯ ಕೂಗು. ಆ ಕೂಗು ವಿಧಾನಸೌಧಕ್ಕೆ ಮುಟ್ಟಬೇಕೇ ಹೊರತು ಬಸ್ಸಿನ ಗಾಜಿಗಲ್ಲ.

ಜಿಲ್ಲಾಧಿಕಾರಿಗಳು, ಎಸ್‌ಪಿಯವರು ಇದಕ್ಕೆ ಹೊಸ ಆದೇಶ ಕಾಯಬೇಕಿಲ್ಲ, ಬಜೆಟ್ಟೂ ಬೇಡ. ಊರು ತಣ್ಣಗಿರುವ ಈ ದಿನಗಳಲ್ಲೇ ವರ್ತಕರ ಸಂಘ, ರೈತ ಸಂಘ, ವಕೀಲರ ಸಂಘ, ಮಹಿಳಾ ಸಂಘಗಳನ್ನು ಒಂದು ಸಂಜೆ ಕರೆದು ಕೂರಿಸಲಿ. ಮೊದಲು ಮಂಡ್ಯ, ಆಮೇಲೆ ಮದ್ದೂರು, ನಾಗಮಂಗಲ. ಇಪ್ಪತ್ತು ಹೆಸರು ಬರೆಯಲು ಒಂದು ಹಾಳೆ ಸಾಕು. ಗುಂಡು ಹಾರಿದ ಮೇಲೆ ಬರೆಯುವ ವರದಿಗಾದರೋ ದಪ್ಪ ಕಡತವೇ ಬೇಕಾಗುತ್ತದೆ.

ಸಂಬಂಧಪಟ್ಟವರು ಮನಸ್ಸು ಮಾಡುವರೇ?